ಹದಿನೆಂಟು ತಿಂಗಳಲ್ಲಿ ಒಣಗಿದ ನಲ್ಲಿಗಳು: ಮಲಾವಿಯ ಒಂದು ಪ್ರಕರಣ

ಆಗ್ನೇಯ ಆಫ್ರಿಕಾದ ಮಲಾವಿಯಲ್ಲಿ ಕೆನಡಾ ಸರ್ಕಾರದ ಹಣದಿಂದ ಕಟ್ಟಿದ ನೀರಿನ ಯೋಜನೆಯೊಂದು ಮುಗಿದು ಒಂದೂವರೆ ವರ್ಷವಾಗಿತ್ತು. ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಕೆನಡಾ ಎಂಬ ಸಂಸ್ಥೆಯ ಸ್ವಯಂಸೇವಕನೊಬ್ಬ ಅಲ್ಲಿಗೆ ಹೋಗಿ ನೋಡಿದಾಗ 113 ನಲ್ಲಿಗಳಲ್ಲಿ 81 ಕೆಟ್ಟು ನಿಂತಿದ್ದವು. ಇಷ್ಟೇ ಆಗಿದ್ದರೆ ಇದು ಸಾವಿರ ಕಥೆಗಳಲ್ಲಿ ಒಂದಾಗುತ್ತಿತ್ತು. ಆದರೆ ಕೆನಡಾದ ಕೆಟ್ಟ ನಲ್ಲಿಯ ಪಕ್ಕದಲ್ಲೇ, ಕೆಲವೇ ಹೆಜ್ಜೆ ಆಚೆಗೆ, ಇನ್ನೊಂದು ಕೆಟ್ಟ ನಲ್ಲಿಯಿತ್ತು. ಸುಮಾರು ಹತ್ತು ವರ್ಷ ಮೊದಲು ಅಮೆರಿಕ ಸರ್ಕಾರದ ಹಣದಿಂದ ಬಂದದ್ದು ಅದು. ಅದೇ ತಂತ್ರ, ಅದೇ ಬಗೆಯ ಕೊಳವೆ, ಕೆಟ್ಟದ್ದೂ ಅದೇ ಕಾರಣಕ್ಕೆ. ಸಂಸ್ಥೆಯ ಡೇವಿಡ್ ಡ್ಯಾಂಬರ್ಗರ್ 2011ರಲ್ಲಿ ಕ್ಯಾಲ್ಗರಿಯ ವೇದಿಕೆಯೊಂದರಲ್ಲಿ ಈ ಸಂಗತಿಯನ್ನು ಹೇಳಿದಾಗ ಅವರ ಪ್ರಶ್ನೆ ನೇರವಾಗಿತ್ತು: ಒಮ್ಮೆ ಸೋತದ್ದನ್ನು ಅದೇ ಜಾಗದಲ್ಲಿ ಅದೇ ರೀತಿಯಲ್ಲಿ ಮತ್ತೆ ಕಟ್ಟಲು ಹೇಗೆ ಸಾಧ್ಯವಾಯಿತು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ನಲ್ಲಿ ಹೇಗೆ ಕೆಡುತ್ತದೆ ಎಂಬುದನ್ನು ನೋಡಬೇಕು. ಬಹಳಷ್ಟು ವರದಿಗಳು ಇಲ್ಲೇ ಜಾರಿಕೊಳ್ಳುತ್ತವೆ.

ಮಲಾವಿಯದು ಗುರುತ್ವ ಯೋಜನೆ, ಅಂದರೆ ಎತ್ತರದಿಂದ ನೀರು ತನ್ನ ಭಾರಕ್ಕೇ ಇಳಿದು ಬರುವಂಥದ್ದು. ಅದರಲ್ಲಿ ಪಂಪೂ ಇಲ್ಲ, ಡೀಸೆಲ್ಲೂ ಇಲ್ಲ. ಬೆಟ್ಟದ ಮೇಲಿನ ತೊರೆಗೆ ಚಿಕ್ಕ ಒಡ್ಡು ಕಟ್ಟಿ, ನೀರನ್ನು ಜರಡಿಯ ಮೂಲಕ ಸೋಸಿ, ತೊಟ್ಟಿಯಲ್ಲಿ ಹೂಳು ತಂಗಲು ಬಿಟ್ಟು, ಪಿವಿಸಿ ಕೊಳವೆಯಲ್ಲಿ ಕೆಳಗಿನ ಹಳ್ಳಿಗಳಿಗೆ ಇಳಿಸುತ್ತಾರೆ. ನೀರು ತಾನಾಗಿಯೇ ಇಳಿಯುತ್ತದೆ ಎಂಬ ಕಾರಣಕ್ಕೇ ಇದು ನಿರ್ವಹಣೆ ಬೇಡದ ವ್ಯವಸ್ಥೆ ಎಂಬ ಭ್ರಮೆ ಹುಟ್ಟುತ್ತದೆ. ಕೆಡುವುದು ಕೊನೆಯ ತುದಿಯಲ್ಲಿ. ಒಂದೊಂದು ನಲ್ಲಿಯನ್ನು ಊರಿನ ಹೆಂಗಸರೂ ಮಕ್ಕಳೂ ಬೆಳಗಿನಿಂದ ಸಂಜೆಯವರೆಗೆ ತಿರುಗಿಸುತ್ತಲೇ ಇರುತ್ತಾರೆ. ಒಳಗಿನ ರಬ್ಬರ್ ವಾಷರ್ ಸವೆಯುತ್ತದೆ, ನೀರು ತೊಟ್ಟಿಕ್ಕತೊಡಗುತ್ತದೆ. ತೊಟ್ಟಿಕ್ಕುವುದನ್ನು ನಿಲ್ಲಿಸಲು ಇನ್ನಷ್ಟು ಬಿಗಿಯಾಗಿ ತಿರುಗಿಸಿದಾಗ ಒಳಗಿನ ತಿರುಪಿನ ಎಳೆಗಳು ಉಜ್ಜಿಹೋಗುತ್ತವೆ. ಆಮೇಲೆ ನಲ್ಲಿ ಪೂರ್ತಿ ತೆರೆದುಕೊಂಡೇ ಇರುತ್ತದೆ, ಇಲ್ಲವೇ ಯಾರೋ ಮರದ ಬೆಣೆ ಜಡಿದು ಮುಚ್ಚುತ್ತಾರೆ. ತೆರೆದುಕೊಂಡ ನಲ್ಲಿ ಮೇಲಿನ ಹಳ್ಳಿಯಲ್ಲಿದ್ದರೆ ಕೆಳಗಿನ ಹಳ್ಳಿಗೆ ಒತ್ತಡ ಸಾಲುವುದಿಲ್ಲ. ಮೊದಲು ಮಧ್ಯಾಹ್ನ ನೀರು ನಿಲ್ಲುತ್ತದೆ, ಮುಂದೆ ದಿನವಿಡೀ ಇಲ್ಲವಾಗುತ್ತದೆ. ನೀರು ಕಾಣದ ಕೊನೆಯ ಹಳ್ಳಿಯವರು ಸಮಿತಿಗೆ ದುಡ್ಡು ಕೊಡುವುದನ್ನು ನಿಲ್ಲಿಸುತ್ತಾರೆ, ಮತ್ತು ಅದು ನ್ಯಾಯವೇ. ಅವರ ದುಡ್ಡು ನಿಂತಾಗ ಮೇಲಿನ ನಲ್ಲಿಗೆ ವಾಷರ್ ತರಲು ಕಾಸಿರುವುದಿಲ್ಲ. ಕಾಸಿದ್ದರೂ ವಾಷರ್ ಸಿಗುವ ಅಂಗಡಿ ಎಷ್ಟೋ ಮೈಲಿ ದೂರದ ಪೇಟೆಯಲ್ಲಿರುತ್ತದೆ. ವರ್ಷಕ್ಕೆ ನಾಲ್ಕು ಬಿಕರಿಯಾಗುವ ಸಾಮಾನನ್ನು ಯಾವ ಅಂಗಡಿಯವನು ತಾನೇ ತರಿಸಿಟ್ಟುಕೊಂಡಾನು?

ಹೀಗೆ ಚಿಲ್ಲರೆ ಕಾಸಿನ ರಬ್ಬರ್ ಬಿಲ್ಲೆಯೊಂದು ಒಂದಿಡೀ ಸಾಲನ್ನು ಒಣಗಿಸಬಲ್ಲದು. ಇದರಲ್ಲಿ ಎಂಜಿನಿಯರಿಂಗ್ ದೋಷ ಎಲ್ಲೂ ಇಲ್ಲ. ಕೊಳವೆಯ ವ್ಯಾಸ ಸರಿ, ಇಳಿಜಾರು ಸರಿ, ತೊಟ್ಟಿಯ ಗಾತ್ರ ಸರಿ. ಯೋಜನೆಯನ್ನು ಪರಿಶೀಲಿಸಿದ ಯಾವ ಎಂಜಿನಿಯರ್‌ಗೂ ನಕ್ಷೆಯಲ್ಲಿ ತಪ್ಪು ಕಾಣಲಾರದು. ನಕ್ಷೆಯಲ್ಲಿ ಇಲ್ಲದ ಮೂರು ಸಂಗತಿಗಳಿಂದ ಯೋಜನೆ ಸತ್ತಿತು: ದುರಸ್ತಿ ಮಾಡುವವನು ಯಾರು, ಅವನಿಗೆ ಕೂಲಿ ಕೊಡುವವರು ಯಾರು, ಸಾಮಾನು ಎಲ್ಲಿಂದ ಬರಬೇಕು. ನಮ್ಮ ಕೆರೆಗಳಿಗೆ ನೀರುಗಂಟಿ ಎಂಬ ಕಸುಬಿನವನಿದ್ದ, ತೂಬು ತೆಗೆದು ಮುಚ್ಚುವ ಕೆಲಸಕ್ಕೆ ಅವನಿಗೆ ಕಣದಲ್ಲೇ ಕಾಳಿನ ಪಾಲು ಸಲ್ಲುತ್ತಿತ್ತು. ಇಂಥ ಯೋಜನೆಗಳಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಇರುವುದು ಊರಿನವರದೇ ಸಮಿತಿ. ಎರಡು ದಿನದ ತರಬೇತಿ, ಒಂದು ಸ್ಪ್ಯಾನರ್, ಸಂಬಳವಿಲ್ಲ.

ಇದು ನಡೆದದ್ದು ಮಲಾವಿಯಲ್ಲಿ ಎಂಬುದು ಇನ್ನೂ ವಿಚಿತ್ರ. ಗುರುತ್ವ ನೀರಿನ ಯೋಜನೆಗಳಿಗೆ ಆ ದೇಶವೇ ಒಂದು ಕಾಲದ ಮಾದರಿ. 1960ರ ದಶಕದ ಕೊನೆಗೆ ಮುಲಾಂಜೆ ಬೆಟ್ಟದ ತಪ್ಪಲಿನ ಚಾಂಬೆಯಲ್ಲಿ ಶುರುವಾದ ಕಾರ್ಯಕ್ರಮದಲ್ಲಿ ಸರ್ಕಾರ ಕೊಳವೆ ಕೊಟ್ಟಿತು, ಹಳ್ಳಿಗರು ತಾವೇ ಕಾಲುವೆ ಅಗೆದು ಕೊಳವೆ ಹೂತರು. ಎಪ್ಪತ್ತರ ಮತ್ತು ಎಂಬತ್ತರ ದಶಕಗಳಲ್ಲಿ ನೀರಿನ ಕೆಲಸ ಮಾಡುವವರೆಲ್ಲ ಬಾಯಿತುಂಬ ಹೊಗಳುತ್ತಿದ್ದ ಉದಾಹರಣೆ ಇದು. 1980ರ ದಶಕದಲ್ಲಿ ಅಮೆರಿಕದ ನೆರವು ಸಂಸ್ಥೆ ಇದೇ ಕಾರ್ಯಕ್ರಮಕ್ಕೆ ಹಣ ಸುರಿಯಿತು. ಅಂದರೆ ಏನು ಮಾಡಿದರೆ ನಡೆಯುತ್ತದೆ, ಏನು ತಪ್ಪಿದರೆ ನಿಲ್ಲುತ್ತದೆ ಎಂಬ ತಿಳಿವಳಿಕೆ ಆ ದೇಶದಲ್ಲೇ ಇತ್ತು. ಅದನ್ನು ಕೇಳುವ ಅಗತ್ಯ ಹೊಸದಾಗಿ ಹಣ ತಂದವರಿಗೆ ಕಾಣಲಿಲ್ಲ, ಅಷ್ಟೆ.

ಡ್ಯಾಂಬರ್ಗರ್ ಕೊಟ್ಟ ಉತ್ತರ ದಾನಿಗಳ ಸ್ವಭಾವದತ್ತ ಬೆರಳು ತೋರಿಸುತ್ತದೆ. ಕಟ್ಟುವುದಕ್ಕೆ ಹಣ ಸಿಗುತ್ತದೆ, ಕಾಯುವುದಕ್ಕೆ ಸಿಗುವುದಿಲ್ಲ. ನಲ್ಲಿಯ ಕಟ್ಟೆಗೆ ಫಲಕ ಹಾಕಬಹುದು, ಮೊದಲ ನೀರು ಚಿಮ್ಮುವಾಗ ಫೋಟೊ ತೆಗೆಯಬಹುದು, ವಾರ್ಷಿಕ ವರದಿಯಲ್ಲಿ ಸಂಖ್ಯೆ ಹಾಕಬಹುದು. ನಾಲ್ಕನೆಯ ವರ್ಷ ವಾಷರ್ ಬದಲಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಈ ಮಾತು ನಿಜ. ಆದರೆ ಪೂರ್ತಿ ನಿಜವಲ್ಲ ಎಂದು ನನ್ನ ಅಭಿಪ್ರಾಯ, ಏಕೆಂದರೆ ಇದು ತಪ್ಪನ್ನೆಲ್ಲ ಹಣ ಕೊಡುವವರ ತಲೆಗೆ ಕಟ್ಟಿ ಕೆಲಸ ಮಾಡುವವರನ್ನು ಬಿಟ್ಟುಬಿಡುತ್ತದೆ.

ಸ್ವಯಂಸೇವಕರ ಲೆಕ್ಕವನ್ನೂ ನೋಡೋಣ. ಈ ಸಂಸ್ಥೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಬೇಸಿಗೆ ರಜೆಯ ನಾಲ್ಕು ತಿಂಗಳಿಗೆ ಕಳಿಸುತ್ತಿತ್ತು, ಬೇರೆಯವರನ್ನು ಒಂದು ವರ್ಷಕ್ಕೆ ಅಥವಾ ಅದಕ್ಕೂ ಹೆಚ್ಚಿಗೆ. ಬೇರೆ ಅನೇಕ ಸಂಸ್ಥೆಗಳ ಅವಧಿ ಇದಕ್ಕಿಂತಲೂ ಕಡಿಮೆ. ಹೋದವರು ಮೊದಲ ತಿಂಗಳು ಊಟ, ಭಾಷೆ, ಜ್ವರ ಎಂದು ಕಳೆಯುತ್ತಾರೆ. ಕೊನೆಯ ತಿಂಗಳು ವರದಿ ಬರೆಯುತ್ತಾರೆ. ನಡುವೆ ಕಟ್ಟಿದ್ದು ಅವರು ಹೊರಡುವ ದಿನ ಹೊಚ್ಚ ಹೊಸದಾಗಿ ಹೊಳೆಯುತ್ತಿರುತ್ತದೆ. ವಾಷರ್ ಸವೆಯುವ ಹೊತ್ತಿಗೆ ಅವರು ಟೊರಾಂಟೊದಲ್ಲೋ ಕ್ಯಾಲ್ಗರಿಯಲ್ಲೋ ನೌಕರಿಯಲ್ಲಿರುತ್ತಾರೆ, ಅಥವಾ ಮುಂದಿನ ತಂಡಕ್ಕೆ ತಮ್ಮ ಯಶಸ್ಸಿನ ಅನುಭವ ಹೇಳುತ್ತಿರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಂಡದ್ದನ್ನೇ ಹೇಳುತ್ತಾರೆ. ತಪ್ಪು ಬಲಿಯಲು ಬೇಕಾಗುವ ಕಾಲ ಸ್ವಯಂಸೇವಕನ ವೀಸಾ ಅವಧಿಗಿಂತ ಉದ್ದ. ಹೀಗಾಗಿ ಅನುಭವದಿಂದ ಕಲಿಯುವುದೆಂದು ನಾವು ಲಘುವಾಗಿ ಹೇಳುವ ಕೆಲಸ ಈ ವ್ಯವಸ್ಥೆಯಲ್ಲಿ ನಡೆಯುವುದೇ ಇಲ್ಲ. ಪ್ರಾಮಾಣಿಕರು ಕೂಡ ತಮ್ಮ ಸೋಲನ್ನು ಕಾಣದೆಯೇ ನಿವೃತ್ತರಾಗಬಹುದು.

ಇದಕ್ಕೆ ಡ್ಯಾಂಬರ್ಗರ್ ಅವರೇ ಸಾಕ್ಷಿ. ಮಲಾವಿಗೆ ಮೊದಲು ಅವರು ಸ್ವಯಂಸೇವಕರಾಗಿ ಭಾರತದಲ್ಲಿದ್ದರು. ಶಾಲೆಗಳಲ್ಲಿ ಮಳೆನೀರು ಸಂಗ್ರಹದ ವ್ಯವಸ್ಥೆ ಮಾಡಿಸುವ ಕೆಲಸ. ಚೆನ್ನಾಗಿ ನಡೆಯಿತೆಂದೇ ನಂಬಿ ಊರಿಗೆ ಮರಳಿದರು. ಸುಮಾರು ವರ್ಷದ ಮೇಲೆ ಸುದ್ದಿ ಬಂತು: ಅವುಗಳಲ್ಲಿ ಒಂದೂ ಕೆಲಸ ಮಾಡುತ್ತಿಲ್ಲ. ನಿರ್ವಹಣೆಗೆ ಯಾವ ಏರ್ಪಾಡನ್ನೂ ಮಾಡಿರಲಿಲ್ಲ. ಮಲಾವಿಯಲ್ಲಿ ಎರಡು ಸರ್ಕಾರಗಳು ಮಾಡಿದ ತಪ್ಪನ್ನು, ಅದನ್ನು ಟೀಕಿಸುತ್ತಿದ್ದ ಎಂಜಿನಿಯರ್ ತಾನೂ ಮಾಡಿದ್ದ. ಮಳೆನೀರು ಸಂಗ್ರಹ ಮಾಡಿಸಿದ ಮನೆಯಲ್ಲಿದ್ದವರಿಗೆ ಇದರ ಕಾರಣವನ್ನು ವಿವರಿಸಬೇಕಿಲ್ಲ. ಮೊದಲ ಮಳೆಗೆ ಮುನ್ನ ಛಾವಣಿ ಗುಡಿಸಬೇಕು, ಮೊದಲ ನೀರನ್ನು ಹೊರಬಿಡಬೇಕು, ಸೋಸುವ ಮರಳು ಜಲ್ಲಿಯನ್ನು ತೊಳೆಯಬೇಕು, ದೋಣಿಯಲ್ಲಿ ತುಂಬಿದ ಎಲೆ ತೆಗೆಯಬೇಕು. ಶಾಲೆಯಲ್ಲಿ ಈ ಕೆಲಸ ಯಾರದು? ಬೇಸಿಗೆ ರಜೆ ಮುಗಿದು ಬಾಗಿಲು ತೆಗೆಯುವ ಹೊತ್ತಿಗೆ ಮುಂಗಾರು ಬಂದಾಗಿರುತ್ತದೆ.

ಪ್ರಕರಣ ಇಲ್ಲಿಂದ ಬೇರೆ ದಾರಿ ಹಿಡಿಯಿತು. ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಕೆನಡಾವನ್ನು ಜಾರ್ಜ್ ರೋಟರ್ ಮತ್ತು ಪಾರ್ಕರ್ ಮಿಚೆಲ್ ಎಂಬ ಇಬ್ಬರು ಯುವ ಎಂಜಿನಿಯರ್‌ಗಳು 2000ದಲ್ಲಿ ಶುರುಮಾಡಿದ್ದರು. 2008ರಿಂದ ಈ ಸಂಸ್ಥೆ ವಾರ್ಷಿಕ ವರದಿಯ ಜೊತೆಗೆ ಇನ್ನೊಂದು ವರದಿಯನ್ನೂ ಹೊರತರಲು ತೊಡಗಿತು: ವೈಫಲ್ಯ ವರದಿ. ಘಾನಾ, ಮಲಾವಿ, ಜಾಂಬಿಯಾಗಳಲ್ಲಿ ಕೆಲಸ ಮಾಡುವವರು ತಾವು ಮಾಡಿದ ತಪ್ಪನ್ನು ತಮ್ಮ ಹೆಸರಿನಲ್ಲೇ ಬರೆಯಬೇಕಿತ್ತು, ಅದನ್ನು ದಾನಿಗಳಿಗೆ ಕೊಡಬೇಕಿತ್ತು. 2011ರಲ್ಲಿ ಸಂಸ್ಥೆಯ ಆಶ್ಲಿ ಗುಡ್ ಬೇರೆ ಸಂಸ್ಥೆಗಳವರೂ ತಮ್ಮ ಸೋಲುಗಳನ್ನು ಬರೆದಿಡಬಹುದಾದ ತಾಣವನ್ನು ತೆರೆದರು.

ಈ ಯೋಚನೆ ಎಂಜಿನಿಯರ್‌ಗಳ ಸಂಸ್ಥೆಯಲ್ಲಿ, ಅದರಲ್ಲೂ ಕೆನಡಾದಲ್ಲಿ ಹುಟ್ಟಿದ್ದು ಕಾಕತಾಳೀಯವಲ್ಲ. ಆ ದೇಶದಲ್ಲಿ ಎಂಜಿನಿಯರಿಂಗ್ ಮುಗಿಸಿದವರು 1925ರಿಂದ ನಡೆದುಬಂದ ವಿಧಿಯೊಂದರಲ್ಲಿ ಕಿರುಬೆರಳಿಗೆ ಕಬ್ಬಿಣದ ಉಂಗುರ ತೊಡುತ್ತಾರೆ. ಆ ಉಂಗುರ ಕ್ವಿಬೆಕ್ ಸೇತುವೆಯ ಕಬ್ಬಿಣದ್ದು ಎಂಬುದು ದಂತಕಥೆ. ಆದರೆ ದಂತಕಥೆ ಹುಟ್ಟಿದ ಘಟನೆ ನಿಜ. 1907ರ ಆಗಸ್ಟ್ 29ರಂದು ಕಟ್ಟುತ್ತಿದ್ದ ಆ ಸೇತುವೆ ಸೇಂಟ್ ಲಾರೆನ್ಸ್ ನದಿಗೆ ಕುಸಿದು 75 ಕೆಲಸಗಾರರು ಸತ್ತರು. ಸೇತುವೆಯ ಅಂಕಣದ, ಅಂದರೆ ಎರಡು ಕಂಬಗಳ ನಡುವಿನ ಭಾಗದ, ಉದ್ದವನ್ನು ಹೆಚ್ಚಿಸಿದ್ದರು, ಆದರೆ ಅದರ ಸ್ವಂತ ತೂಕವನ್ನು ಹೊಸದಾಗಿ ಲೆಕ್ಕ ಹಾಕಿರಲಿಲ್ಲ. ಸ್ಥಳದಲ್ಲಿದ್ದ ಕಿರಿಯ ಎಂಜಿನಿಯರ್‌ಗೆ ಉಕ್ಕಿನ ತೊಲೆಗಳು ಬಾಗುತ್ತಿರುವುದು ದಿನಗಳ ಮುಂಚೆಯೇ ಕಂಡಿತ್ತು. ತೀರ್ಮಾನಿಸಬೇಕಾದ ಸಲಹೆಗಾರ ನೂರಾರು ಮೈಲಿ ದೂರದ ನ್ಯೂಯಾರ್ಕ್‌ನಲ್ಲಿ ಕೂತಿದ್ದ. ತೂಕ ಹೇರಬೇಡಿ ಎಂಬ ಅವನ ತಂತಿ ಸಂದೇಶ ಸೇತುವೆಯ ಮೇಲಿದ್ದವರನ್ನು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಬಾಗಿದ್ದನ್ನು ಕಂಡವನು ಒಂದು ಕಡೆ, ಅಧಿಕಾರವಿದ್ದವನು ಇನ್ನೊಂದು ಕಡೆ. ಮಲಾವಿಯ ನಲ್ಲಿಗಳ ಕಥೆಯಲ್ಲಿ ಹೆಣ ಬೀಳಲಿಲ್ಲ ಎಂಬುದನ್ನು ಬಿಟ್ಟರೆ ಜೋಡಣೆ ಇದೇ. ಆದರೆ ಸೇತುವೆ ಬಿದ್ದಾಗ ವಿಚಾರಣಾ ಆಯೋಗ ಕೂತಿತು, ವರದಿ ಬಂತು, ಮುಂದಿನ ತಲೆಮಾರಿನವರು ಅದನ್ನು ಓದಿದರು. ನಲ್ಲಿ ಒಣಗಿದಾಗ ಯಾವ ಆಯೋಗವೂ ಕೂರಲಿಲ್ಲ. ಹೆಂಗಸರು ಕೊಡ ಹೊತ್ತು ಹಳೆಯ ಹೊಂಡಕ್ಕೆ ಹೋದರು.

ಅದೇ ಮಲಾವಿಯಲ್ಲಿ, ಅದೇ ಕಾಲದಲ್ಲಿ, ಇನ್ನೊಂದು ದೊಡ್ಡ ಸೋಲೂ ನಡೆಯುತ್ತಿತ್ತು. ಮಕ್ಕಳು ತಿರುಗುಚಕ್ರದ ಮೇಲೆ ಆಡಿದರೆ ನೀರು ಮೇಲೇರುವ ಪ್ಲೇಪಂಪ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಈ ಯಂತ್ರಕ್ಕೆ 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂದಿತ್ತು. 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು, 2010ರೊಳಗೆ 4,000 ಪಂಪು ಹಾಕುವ ಗುರಿ. ಒಂದೊಂದರ ಬೆಲೆ ಸುಮಾರು 14,000 ಡಾಲರ್, ಸಾಮಾನ್ಯ ಕೈಪಂಪಿನ ನಾಲ್ಕು ಪಟ್ಟು. ಕೆನಡಾದ ಇದೇ ಸ್ವಯಂಸೇವಕ ಸಂಸ್ಥೆಯವನೊಬ್ಬ ಮಲಾವಿಯಲ್ಲಿ ಇಪ್ಪತ್ತು ಲೀಟರಿನ ಬಕೆಟ್ ಇಟ್ಟು ಗಡಿಯಾರ ಹಿಡಿದು ನೋಡಿದ: ಆಫ್ರಿಡೆವ್ ಕೈಪಂಪಿನಲ್ಲಿ ಅರ್ಧ ನಿಮಿಷದೊಳಗೆ ತುಂಬಿತು, ಪ್ಲೇಪಂಪಿನಲ್ಲಿ ಮೂರು ನಿಮಿಷ ದಾಟಿತು. ಆಟವಾಡಲು ಮಕ್ಕಳು ದಿನವಿಡೀ ಇರುವುದಿಲ್ಲವಲ್ಲ, ಚಕ್ರವನ್ನು ತಿರುಗಿಸುತ್ತಿದ್ದವರು ಬೆನ್ನು ಬಗ್ಗಿಸಿದ ಹೆಂಗಸರು. ಕೆಲವೆಡೆ ನಡೆಯುತ್ತಿದ್ದ ಕೈಪಂಪನ್ನು ಕಿತ್ತು ಅದೇ ಕೊಳವೆಬಾವಿಗೆ ಇದನ್ನು ಕೂರಿಸಿದ್ದರು.

ಆಫ್ರಿಡೆವ್ ಎಂದರೆ ಏನೆಂದು ಗೊತ್ತಿದ್ದವರಿಗೆ ಇದು ಇನ್ನೂ ಕಹಿ. ಅದರ ಮೊದಲ ರೂಪ ಹುಟ್ಟಿದ್ದೇ ಮಲಾವಿಯಲ್ಲಿ, 1980ರ ದಶಕದ ಆರಂಭದಲ್ಲಿ. ಭಾರತದಲ್ಲಿ ಎಪ್ಪತ್ತರ ದಶಕದಲ್ಲಿ ರೂಪುಗೊಂಡು ನಮ್ಮ ಹಳ್ಳಿಗಳ ಬೋರ್‌ವೆಲ್‌ಗಳ ಮೇಲೆಲ್ಲ ಕೂತ ಇಂಡಿಯಾ ಮಾರ್ಕ್ 2 ಕೈಪಂಪು ಗಟ್ಟಿಮುಟ್ಟು, ಆದರೆ ಒಳಗಿನದು ಕೆಟ್ಟರೆ ಮೆಕ್ಯಾನಿಕ್ ತಂಡ ವ್ಯಾನಿನಲ್ಲಿ ಬರಬೇಕು. ಹಾಗಾಗಬಾರದೆಂದೇ ಆಫ್ರಿಡೆವ್ ಅನ್ನು ಹಳ್ಳಿಯವರೇ ಒಂದೇ ಸ್ಪ್ಯಾನರ್‌ನಲ್ಲಿ ಬಿಚ್ಚಿ, ಸೀಲ್ ಬದಲಿಸಿ, ಮತ್ತೆ ಕೂರಿಸುವಂತೆ ಮಾಡಿದ್ದರು. ಹಿಂದಿನ ತಪ್ಪಿನಿಂದ ಕಲಿತ ಪಾಠವೇ ಲೋಹದ ರೂಪ ತಾಳಿ ಆ ಊರಿನಲ್ಲಿ ನಿಂತಿತ್ತು. ಅದನ್ನು ಕಿತ್ತು ಹಾಕಿದರು. ಪ್ಲೇಪಂಪಿಗೆ ಹಣ ಕೊಟ್ಟ ಪ್ರಮುಖರಲ್ಲೊಬ್ಬರಾದ ಕೇಸ್ ಫೌಂಡೇಶನ್‌ನ ಮುಖ್ಯಸ್ಥೆ ಜೀನ್ ಕೇಸ್ 2010ರಲ್ಲಿ ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡರು. ಅದು ಮೆಚ್ಚಬೇಕಾದ ಮಾತು, ಸಂಶಯವಿಲ್ಲ. ಆದರೆ ಅಷ್ಟು ಹೊತ್ತಿಗೆ ಪತ್ರಿಕೆಗಳು ಬರೆದಾಗಿತ್ತು, ಯುನಿಸೆಫ್ 2007ರಲ್ಲೇ ಪರಿಶೀಲಿಸಿ ಸಮಸ್ಯೆಗಳನ್ನು ದಾಖಲಿಸಿಯಾಗಿತ್ತು.

ಈಗ ಕೇಳಬೇಕಾದ ಪ್ರಶ್ನೆ: ವೈಫಲ್ಯ ವರದಿಯಿಂದ ಏನಾದರೂ ಬದಲಾಯಿತೇ?

ಮಲಾವಿಯಲ್ಲಿ ಸಂಸ್ಥೆಯ ಕೆಲಸದ ಸ್ವರೂಪವಂತೂ ಬದಲಾಯಿತು. ಹೊಸ ನಲ್ಲಿ ಹಾಕುವುದಕ್ಕಿಂತ, ಜಿಲ್ಲೆಯ ನೀರಿನ ಕಚೇರಿಗೆ ತನ್ನ ಜಿಲ್ಲೆಯಲ್ಲಿ ಎಷ್ಟು ನೀರಿನ ತಾಣಗಳಿವೆ, ಎಷ್ಟು ಕೆಟ್ಟಿವೆ ಎಂದು ತಿಳಿಯುವಂತೆ ಮಾಡುವುದು ಮುಖ್ಯವೆಂದು ಸ್ವಯಂಸೇವಕರು ಕಚೇರಿಗಳಲ್ಲಿ ಕೂತರು. ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರು ಹೇಗೂ ಮನೆಮನೆಗೆ ಹೋಗುತ್ತಾರೆ. ಅವರ ಕೈಯಲ್ಲಿ ಒಂದು ಹಾಳೆಯ ಫಾರಂ, ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಸರಳ ಎಕ್ಸೆಲ್ ಕಡತ. ದುಬಾರಿ ಉಪಕರಣದ ನಕ್ಷೆ ತಯಾರಿಸಿ ಕೊಟ್ಟು ಹೋದರೆ ಎರಡನೆಯ ವರ್ಷ ಅದನ್ನು ತಿದ್ದುವವರು ಇರುವುದಿಲ್ಲ ಎಂಬ ಅರಿವು ಇದರ ಹಿಂದಿತ್ತು. ನೋಡಲು ಸಪ್ಪೆ ಕೆಲಸ. ರಿಬ್ಬನ್ ಇಲ್ಲ, ಫೋಟೊಗೆ ಚಿಮ್ಮುವ ನೀರಿಲ್ಲ, ಊರಿಗೆ ಹೋಗಿ ತೋರಿಸಲು ಏನೂ ಇಲ್ಲ. ಕೈಗೆ ಸಲಿಕೆ ಸಿಗುತ್ತದೆಂದು ಹೋದ ಹುಡುಗ ಹುಡುಗಿಯರಿಗೆ ಬೇಸರವಾಗಿದ್ದರೆ ಆಶ್ಚರ್ಯವಿಲ್ಲ. ಈ ಪ್ರಕರಣದಲ್ಲಿ ನಿಜವಾದ ಕಲಿಕೆ ಎಂದು ನಾನು ಒಪ್ಪುವುದು ಇದೊಂದನ್ನೇ: ತಪ್ಪನ್ನು ಮೊದಲು ಕಾಣುವ, ಮತ್ತು ಸ್ವಯಂಸೇವಕ ಹೋದ ಮೇಲೂ ಅಲ್ಲೇ ಇರುವ ಕಚೇರಿಯ ಕೈಗೆ ಲೆಕ್ಕವನ್ನು ಕೊಟ್ಟದ್ದು. ಲೆಕ್ಕದ ಅಗತ್ಯವಂತೂ ದೊಡ್ಡದಿತ್ತು. ಗ್ರಾಮೀಣ ನೀರು ಸರಬರಾಜಿನ ಅಂತರರಾಷ್ಟ್ರೀಯ ಜಾಲವೊಂದು 2009ರಲ್ಲಿ ಸಹಾರಾದ ದಕ್ಷಿಣದ ಆಫ್ರಿಕಾದ ಇಪ್ಪತ್ತು ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿದಾಗ ಸರಾಸರಿ 36 ಶೇಕಡಾ ಕೈಪಂಪುಗಳು ಕೆಟ್ಟಿದ್ದವು.

ವರದಿಯ ಬಗ್ಗೆ ನನ್ನ ತಕರಾರು ಬೇರೆ. ಸೋಲನ್ನು ಒಪ್ಪಿಕೊಳ್ಳುವುದು ಫ್ಯಾಶನ್ ಆದ ಮೇಲೆ ಬೇರೆಡೆಗಳಲ್ಲಿ ಬಂದ ಬರಹಗಳು ಬಹುತೇಕ ಒಂದೇ ಅಚ್ಚಿನವು: ನಾವು ಉತ್ಸಾಹದಿಂದ ಶುರುಮಾಡಿದೆವು, ಸಮುದಾಯದೊಂದಿಗೆ ಸಾಕಷ್ಟು ಮಾತಾಡಲಿಲ್ಲ, ಈಗ ಕಲಿತಿದ್ದೇವೆ. ಯಾವ ಊರು, ಎಷ್ಟು ಹಣ, ಯಾರಿಗೆ ಎಷ್ಟು ನಷ್ಟ ಎಂಬುದು ಅವುಗಳಲ್ಲಿ ಇರುವುದಿಲ್ಲ. ಮುಗಿದುಹೋದ, ಚಿಕ್ಕದಾದ, ಬರೆದವರನ್ನು ವಿನಯಶೀಲರಾಗಿ ತೋರಿಸುವ ಸೋಲುಗಳೇ ಹೆಚ್ಚು. ನಡೆಯುತ್ತಿರುವ ದೊಡ್ಡ ಯೋಜನೆ ಸೋಲುತ್ತಿದೆ, ಹಣ ನಿಲ್ಲಿಸಿ ಎಂದು ಬರೆಯುವವರು ಅಪರೂಪ. ಕೆನಡಾದ ಸಂಸ್ಥೆಯ ವರದಿ ಈ ಅಚ್ಚಿಗಿಂತ ಎಷ್ಟೋ ಮೇಲು, ಏಕೆಂದರೆ ಅಲ್ಲಿ ಹೆಸರಿತ್ತು, ಸ್ಥಳವಿತ್ತು, ಕಚೇರಿಯ ಹಿರಿಯರ ತಪ್ಪುಗಳೂ ಇದ್ದವು.

ಆದರೂ ಅದನ್ನು ಬರೆದದ್ದು ಯಾರಿಗೆ? ಆ ಸಂಸ್ಥೆಯಲ್ಲಿ ಡೊರೊತಿ ಎಂಬ ಕಲ್ಪಿತ ಹೆಂಗಸಿನ ಹೆಸರು ಬಳಕೆಯಲ್ಲಿತ್ತು. ಆಫ್ರಿಕಾದ ಹಳ್ಳಿಯ ಬಡ ಹೆಂಗಸಿಗೆ ಅದು ಸಂಕೇತ. ಈ ಕೆಲಸದಿಂದ ಡೊರೊತಿಗೇನು ಲಾಭ ಎಂದು ಕೇಳಿಕೊಳ್ಳಿ, ನಮ್ಮ ಮೇಲಧಿಕಾರಿ ಅವಳೇ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದರು. ಒಳ್ಳೆಯ ಅಭ್ಯಾಸ. ಆದರೆ ವೈಫಲ್ಯ ವರದಿ ಇಂಗ್ಲಿಷಿನಲ್ಲಿ ಅಚ್ಚಾಗಿ ಕೆನಡಾದ ದಾನಿಗಳ ಕೈ ಸೇರುತ್ತಿತ್ತು. ಡೊರೊತಿಗೆ ಅದರ ಅಗತ್ಯವೂ ಇರಲಿಲ್ಲ, ನಲ್ಲಿ ಕೆಟ್ಟ ಬೆಳಿಗ್ಗೆಯೇ ಅವಳಿಗೆ ಅದು ಗೊತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತೇವೆ ನಾವು. ನೆರವಿನ ಯೋಜನೆಗಳ ಮೌಲ್ಯಮಾಪಕರು ಮಾತ್ರ ಊರಿಗೆ ಬಂದೂ ನೀರಿಗೆ ಬಾರದೆ, ಸಮಿತಿಯ ಅಧ್ಯಕ್ಷರೊಡನೆ ಸಭೆ ಮುಗಿಸಿ ಜೀಪು ಹತ್ತಬಲ್ಲರು. ಡೊರೊತಿಗೆ ಬೇಕಾದದ್ದು ತಪ್ಪೊಪ್ಪಿಗೆಯಲ್ಲ. ಅಮೆರಿಕದ ನಲ್ಲಿ ಕೆಟ್ಟದ್ದನ್ನು ಕಂಡವಳು ಕೆನಡಾದ ನಲ್ಲಿಗೆ ಗುಂಡಿ ತೋಡುವ ಮೊದಲ ದಿನವೇ ‘ಇದೂ ನಿಲ್ಲುತ್ತದೆ’ ಎಂದು ಹೇಳಿದರೆ ಗುಂಡಿ ತೋಡುವುದನ್ನು ನಿಲ್ಲಿಸಬೇಕಾದ ನಿಯಮ ಬೇಕು. ಅಂಥ ಅಧಿಕಾರ ಅವಳ ಕೈಯಲ್ಲಿರಲಿಲ್ಲ. ವರದಿ ಬಂದ ಮೇಲೂ ಅದು ಅವಳ ಕೈಗೆ ಬರಲಿಲ್ಲ.

ಹೊರದೇಶಕ್ಕೆ ಇಂಥ ಕೆಲಸಕ್ಕೆ ಹೊರಟ ಬೆಂಗಳೂರಿನ ಎಂಜಿನಿಯರ್‌ಗಳೂ ಈಗ ಇದ್ದಾರೆ. ಅವರು ಕೈಗೆತ್ತಿಕೊಳ್ಳುವ ಮೊದಲ ಕಡತ ಯೋಜನೆಯ ನಕ್ಷೆಯಾಗಿರುತ್ತದೆ. ಅದಕ್ಕೂ ಮೊದಲು ಅದೇ ಊರಿನಲ್ಲಿ ಹಿಂದೆ ಯಾರು ಏನು ಕಟ್ಟಿದ್ದರು, ಅದು ಈಗ ಎಲ್ಲಿದೆ ಎಂದು ನಡೆದು ನೋಡಲು ಒಂದು ದಿನ ಸಾಕು. ಮಲಾವಿಯಲ್ಲಿ ಆ ದಿನದ ನಡಿಗೆ ಕೆಲವೇ ಹೆಜ್ಜೆಯದಾಗಿತ್ತು. ಯೋಜನೆಯ ವೇಳಾಪಟ್ಟಿಯಲ್ಲಿ ಆ ಒಂದು ದಿನಕ್ಕೆ ಕಾಲಂ ಇರುವುದಿಲ್ಲ, ಮತ್ತು ಅದನ್ನು ಸೇರಿಸಿ ಎಂದು ದಾನಿಯನ್ನು ಕೇಳುವ ಧೈರ್ಯ ನಾಲ್ಕು ತಿಂಗಳಿಗೆ ಹೋದವರಿಗೆ ಬರುವುದು ಕಷ್ಟ. ಅದನ್ನು ಕೇಳಬೇಕಾದವರು ಅವರನ್ನು ಕಳಿಸುವ ಸಂಸ್ಥೆಯವರು.